ಉಪ್ಪೆಷ್ಟು, ನೀರೆಷ್ಟು? ಕಾಳಿ–ಗಂಗಾವಳಿ ತೀರದ ಮಕ್ಕಳಿಗೆ ಸಾರತೆಯ ಪಾಠ

ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಕಡಲು ಸೇರುತ್ತದೆ. ದಕ್ಷಿಣಕ್ಕೆ ಬಂದರೆ ಅಂಕೋಲಾ ತಾಲ್ಲೂಕಿನ ಮಂಜಗುಣಿಯಲ್ಲಿ ಗಂಗಾವಳಿ. ಬೇಸಿಗೆಯ ಕೊನೆಗೆ ಈ ಅಳಿವೆಗಳ ನೀರು ಬಾಯಿಗೆ ಹಾಕಲಾರದಷ್ಟು ಉಪ್ಪು. ಜುಲೈಯಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ಅದೇ ಜಾಗದ ಮೇಲುನೀರು ಹೆಚ್ಚುಕಡಿಮೆ ಸಪ್ಪೆ. ಇಷ್ಟು ದೊಡ್ಡ ಪ್ರಯೋಗ ವರ್ಷವರ್ಷವೂ ಕಣ್ಣೆದುರಿಗೇ ನಡೆಯುವ ಊರಿನಲ್ಲಿ ದ್ರಾವಣದ ಸಾರತೆಯ ಪಾಠವನ್ನು ಸೂತ್ರ ಬಾಯಿಪಾಠ ಮಾಡಿಸಿ ಮುಗಿಸುವುದು ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ಸೂತ್ರ ಗೊತ್ತಿರುತ್ತದೆ: ದ್ರಾವ್ಯದ ರಾಶಿಯನ್ನು ದ್ರಾವಣದ ರಾಶಿಯಿಂದ ಭಾಗಿಸಿ ನೂರರಿಂದ ಗುಣಿಸುವುದು. ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ಒಂದು ಲೋಟ ಉಪ್ಪುನೀರಿಗೆ ಇನ್ನೊಂದು ಲೋಟ ಸಿಹಿನೀರು ಸುರಿದು ‘ಈಗ ಉಪ್ಪು ಎಷ್ಟಾಯಿತು?’ ಎಂದು ಕೇಳಿ ನೋಡಿ. ‘ಅರ್ಧ ಆಯಿತು’ ಎನ್ನುವವರೇ ಹೆಚ್ಚು. ಉಪ್ಪು ಒಂದು ಹರಳೂ ಕಡಿಮೆಯಾಗಿಲ್ಲ. ಅರ್ಧವಾದದ್ದು ಸಾರತೆ. ಈ ಎರಡರ ವ್ಯತ್ಯಾಸ ಮಕ್ಕಳ ಕೈಗೆ, ಕಣ್ಣಿಗೆ, ನಾಲಗೆಗೆ ಸಿಗುವಂತೆ ಮಾಡುವುದೇ ಇಲ್ಲಿನ ಪ್ರಯೋಗಗಳ ಉದ್ದೇಶ. ಇದು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತರೆ ಮುಂದೆ ಔಷಧ, ಕೀಟನಾಶಕ, ಕುಡಿಯುವ ನೀರು ಯಾವುದರ ಲೆಕ್ಕದಲ್ಲೂ ದಾರಿ ತಪ್ಪುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದೇ ಅಳತೆಯ ಎಂಟು ಗಾಜಿನ ಲೋಟ, ಔಷಧದಂಗಡಿಯಿಂದ ಸೂಜಿಯಿಲ್ಲದ 5 ಅಥವಾ 10 ಮಿ.ಲೀ. ಸಿರಿಂಜ್, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಅಗಲವಾದ ಸ್ಟೀಲ್ ಹರಿವಾಣ, ಜಿಲೇಬಿಗೆ ಹಾಕುವ ಬಣ್ಣ, ಉಪ್ಪು.

ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ

ಮೊದಲು ಇದನ್ನು ಮಾಡಿಸಿ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ನೇರವಾದ ಗೋಡೆಯ ಎರಡು ಲೋಟಗಳನ್ನು ಬಿಳಿ ಕಾಗದದ ಮೇಲಿಡಿ. ಎರಡಕ್ಕೂ ಒಂದೇ ಬಣ್ಣದ ನೀರನ್ನು 50 ಮಿ.ಲೀ. ಹಾಕಿ. ಎರಡನೆಯದಕ್ಕೆ ಮಾತ್ರ ಇನ್ನೂ 50 ಮಿ.ಲೀ. ಬರೀ ನೀರು ಸೇರಿಸಿ ಕಲಕಿ. ಪಕ್ಕದಿಂದ ನೋಡಿದರೆ ಎರಡನೆಯದು ತಿಳಿ. ಈಗ ಬಗ್ಗಿ ಮೇಲಿನಿಂದ ಕಾಗದದ ಕಡೆ ನೋಡಲು ಹೇಳಿ. ಎರಡೂ ಒಂದೇ ಬಣ್ಣ!

ಕಾರಣ ಸರಳ. ಪಕ್ಕದಿಂದ ನೋಡುವಾಗ ಕಣ್ಣಿಗೆ ಬರುವ ಬೆಳಕು ಎರಡೂ ಲೋಟಗಳಲ್ಲಿ ಒಂದೇ ಅಗಲದ ನೀರು ದಾಟುತ್ತದೆ. ಆ ದಾರಿಯಲ್ಲಿ ಸಿಗುವ ಬಣ್ಣದ ಕಣಗಳು ಎರಡನೆಯದರಲ್ಲಿ ಅರ್ಧ. ಮೇಲಿನಿಂದ ನೋಡುವಾಗ ನೀರಿನ ಆಳ ಇಮ್ಮಡಿ, ಕಣಗಳ ದಟ್ಟಣೆ ಅರ್ಧ. ಒಟ್ಟು ಕಣಗಳು ಅಷ್ಟಕ್ಕಷ್ಟೇ. ಅಂದರೆ ಪಕ್ಕದ ನೋಟ ಸಾರತೆಯನ್ನು ತೋರಿಸಿತು, ಮೇಲಿನ ನೋಟ ಒಟ್ಟು ಪ್ರಮಾಣವನ್ನು ತೋರಿಸಿತು. ಪ್ರಯೋಗಾಲಯಗಳಲ್ಲಿ ಬಣ್ಣ ಹೋಲಿಸಿ ನೀರಿನ ಗುಣ ಅಳೆಯುವ ಉಪಕರಣಗಳೆಲ್ಲ ನಿಂತಿರುವುದು ಇದೇ ತತ್ತ್ವದ ಮೇಲೆ. ಆರಂಭದ ಸಾರತೆ ಗುಣಿಸು ಗಾತ್ರ, ಕೊನೆಯ ಸಾರತೆ ಗುಣಿಸು ಗಾತ್ರ, ಎರಡೂ ಸಮ ಎನ್ನುವ ಸಮೀಕರಣವನ್ನು ಹಲಗೆಯ ಮೇಲೆ ಬರೆಯಬೇಕಾದ ಹೊತ್ತು ಇದು.

ಇದೇ ಬಣ್ಣದಲ್ಲಿ ಹತ್ತು ಪಟ್ಟಿನ ಸರಣಿಯನ್ನೂ ಮಾಡಬಹುದು. ಬಣ್ಣದ ಪುಡಿ 1 ಗ್ರಾಂ ತೆಗೆದುಕೊಂಡು ನೀರು ಬೆರೆಸಿ 100 ಮಿ.ಲೀ. ಮಾಡಿದರೆ ಶೇ 1ರ ದ್ರಾವಣ. ಅದರಿಂದ 10 ಮಿ.ಲೀ. ತೆಗೆದು 90 ಮಿ.ಲೀ. ನೀರು ಸೇರಿಸಿ. ಅದರಿಂದ ಮತ್ತೆ 10, ಮತ್ತೆ 90. ಹೀಗೆ ನಾಲ್ಕು ಸಲ ಮಾಡಿದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ ಲೀಟರಿಗೆ 1 ಮಿಲಿಗ್ರಾಂಗೆ ಬಂದಿರಿ. ನೀರಿನ ಪರೀಕ್ಷಾ ವರದಿಗಳಲ್ಲಿ ಕಾಣುವ ‘ಪಿಪಿಎಂ’ ಇದೇ. ಅಂಗಡಿಯ ಬಣ್ಣದ ಪುಡಿಯಲ್ಲಿ ಉಪ್ಪೂ ಬೆರೆತಿರುವುದರಿಂದ ನಿಜವಾದ ಬಣ್ಣ ಇದಕ್ಕಿಂತ ಕಡಿಮೆಯೇ ಇರುತ್ತದೆ. ಐದನೇ, ಆರನೇ ಲೋಟದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೆ ಇಲ್ಲ ಎಂದು ಅರ್ಥವೇ ಎಂದು ಮಕ್ಕಳನ್ನು ಕೇಳಿ, ಉತ್ತರವನ್ನು ಅವರಿಗೇ ಬಿಡಿ.

ಇಲ್ಲಿ ಎರಡು ತಪ್ಪುಗಳು ಎಲ್ಲ ತರಗತಿಯಲ್ಲೂ ಆಗುತ್ತವೆ. ಹತ್ತು ಪಟ್ಟು ತೆಳು ಮಾಡಲು ಒಂದು ಪಾಲಿಗೆ ಹತ್ತು ಪಾಲು ನೀರು ಹಾಕುತ್ತಾರೆ. ಹಾಗೆ ಹಾಕಿದರೆ ಅದು ಹನ್ನೊಂದು ಪಟ್ಟು. ಒಂದಕ್ಕೆ ಒಂಬತ್ತು ಸೇರಿಸಿದರೆ ಮಾತ್ರ ಹತ್ತು. ಇನ್ನೊಂದು, ಸಿರಿಂಜನ್ನು ಪ್ರತಿ ಸಲ ತೊಳೆಯದಿರುವುದು. ಮೊದಲ ಲೋಟದ ಒಂದು ಹನಿ ಸಿರಿಂಜಿನ ಒಳಗೆ ಉಳಿದರೂ ಐದನೇ ಲೋಟದ ಲೆಕ್ಕವನ್ನು ಪೂರ್ತಿ ಕೆಡಿಸುತ್ತದೆ.

ನಾಲಗೆಯ ಲೆಕ್ಕ, ಬಾವಿಯ ಲೆಕ್ಕ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಡುಗೆ ಉಪ್ಪು 35 ಗ್ರಾಂ, ಎಂದರೆ ಸುಮಾರು ಆರು ಚಹಾ ಚಮಚದಷ್ಟು, ಕಾಯಿಸಿ ಆರಿಸಿದ ನೀರಿಗೆ ಹಾಕಿ ಒಂದು ಲೀಟರ್ ಮಾಡಿಕೊಳ್ಳಿ. ಇದು ನಿಮ್ಮ ‘ಕಡಲು’. ನಿಜವಾದ ಕಡಲ ನೀರನ್ನು ರುಚಿ ನೋಡಿಸುವುದು ಬೇಡ. ಮೊದಲ ಲೋಟದಲ್ಲಿ ಇದು ಇರಲಿ. ಅರ್ಧ ಲೋಟ ತೆಗೆದು ಎರಡನೆಯದಕ್ಕೆ ಹಾಕಿ, ಕುಡಿಯುವ ನೀರಿನಿಂದ ಭರ್ತಿ ಮಾಡಿ. ಅದರಲ್ಲಿ ಅರ್ಧ ಮೂರನೆಯದಕ್ಕೆ. ಹೀಗೆ ಎಂಟು ಲೋಟ. ಬರುವ ಸಾರತೆ ಲೀಟರಿಗೆ 35, 17.5, 8.75, 4.4, 2.2, 1.1, 0.55, 0.27 ಗ್ರಾಂ. ಎಂಟನೆಯದರಿಂದ ಹಿಂದಕ್ಕೆ ಒಂದೊಂದೇ ಚಮಚ ರುಚಿ ನೋಡುತ್ತ ಬರಲಿ. ಉಪ್ಪು ಮೊದಲು ಯಾವ ಲೋಟದಲ್ಲಿ ಗೊತ್ತಾಯಿತು ಎಂದು ಪ್ರತಿಯೊಬ್ಬರೂ ಬೇರೆಯವರಿಗೆ ಹೇಳದೆ ಬರೆದುಕೊಳ್ಳಲಿ. ಒಬ್ಬರ ನಾಲಗೆ ಇನ್ನೊಬ್ಬರಂತಿಲ್ಲ ಎಂಬುದು ಆಗಲೇ ಗೊತ್ತಾಗುತ್ತದೆ. ಸಾರತೆ ಅಳೆಯಲು ಉಪಕರಣ ಏಕೆ ಬೇಕು ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರ.

ಈ ಸರಣಿಯನ್ನು ಕರಾವಳಿಯ ಬಾವಿಗೆ ಜೋಡಿಸಿದರೆ ಪಾಠದ ತೂಕವೇ ಬೇರೆಯಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡ ಹೇಳುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ; ಬೇರೆ ನೀರೇ ಇಲ್ಲದಿದ್ದರೆ 1,000 ಮಿಲಿಗ್ರಾಂವರೆಗೆ ಒಪ್ಪಬಹುದು. ಉಪ್ಪಿನ ತೂಕದಲ್ಲಿ ಕ್ಲೋರೈಡ್ ಶೇ 60ರಷ್ಟು. ಹಾಗಾಗಿ 250ರ ಗೆರೆ ನಿಮ್ಮ ಏಳನೇ ಮತ್ತು ಎಂಟನೇ ಲೋಟಗಳ ನಡುವೆ ಬೀಳುತ್ತದೆ. ಇನ್ನೊಂದು ಲೆಕ್ಕ ಮಾಡಿಸಿ. ಕಡಲ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19,000 ಮಿಲಿಗ್ರಾಂ. 250ರಿಂದ ಭಾಗಿಸಿದರೆ 76. ಎಂದರೆ ಬಾವಿಗೆ ಒಂದು ಕೊಡ ಕಡಲ ನೀರು ನುಗ್ಗಿದರೆ ಅದನ್ನು ಮಿತಿಯೊಳಗೆ ತರಲು 75 ಕೊಡ ಸಿಹಿನೀರು ಬೇಕು, ಅದೂ ಆ ಸಿಹಿನೀರಿನಲ್ಲಿ ಕ್ಲೋರೈಡ್ ಇಲ್ಲವೇ ಇಲ್ಲ ಎಂದಿಟ್ಟುಕೊಂಡರೆ. ಕಡಲಂಚಿನಲ್ಲಿ ಪಂಪ್ ಹಚ್ಚಿ ಮಿತಿಮೀರಿ ನೀರೆತ್ತಬಾರದು ಎಂದು ಹಿರಿಯರು ಹೇಳುವುದು ಏಕೆ ಎಂಬುದನ್ನು ಈ 76 ಎಂಬ ಒಂದೇ ಸಂಖ್ಯೆ ಹೇಳಿಬಿಡುತ್ತದೆ.

ಗಜನಿ ಗದ್ದೆಯನ್ನೂ ಇಲ್ಲಿ ನೆನೆಯಬೇಕು. ಬೇಸಿಗೆಯಲ್ಲಿ ಉಪ್ಪುನೀರು ಆಡುವ ಆ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಿದ್ದರು, ಕೆಲವೆಡೆ ಈಗಲೂ ಬೆಳೆಯುತ್ತಾರೆ. ಉಪ್ಪು ತಡೆಯುವ ಗುಣ ಕಗ್ಗಕ್ಕಿದೆ, ನಿಜ. ಆದರೂ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದು ತೆಳು ಮಾಡದೆ ಬೇಸಾಯ ಶುರುವಾಗುತ್ತಿರಲಿಲ್ಲ.

ಒಂದು ಲೀಟರ್ ಕಡಲನ್ನು ಬಿಸಿಲಿಗಿಡಿ

ತೆಳು ಮಾಡುವುದು ಅರ್ಧ ಪಾಠ. ನೀರು ತೆಗೆದು ಸಾರ ಹೆಚ್ಚಿಸುವುದು ಉಳಿದರ್ಧ. ಅದಕ್ಕೆ ಈ ನೆಲದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಗಂಗಾವಳಿ ದಾಟಿದರೆ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯ ನೀರಿನಿಂದ ಅಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಇನ್ನು ಅಂಕೋಲಾ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಊರು. ಆ ದಿನ ಬ್ರಿಟಿಷರ ಕಾನೂನು ಮುರಿಯಲು ನಮ್ಮ ಹಿರಿಯರು ಮಾಡಿದ ಕೆಲಸವನ್ನು ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ದ್ರಾವಕವನ್ನು ತೆಗೆದು ದ್ರಾವ್ಯವನ್ನು ಹೊರಗೆಡಹುವುದು. ಇತಿಹಾಸದ ಮೇಷ್ಟ್ರು, ವಿಜ್ಞಾನದ ಮೇಷ್ಟ್ರು ಇಬ್ಬರೂ ಸೇರಿ ಮಾಡಿಸಬೇಕಾದ ಪ್ರಯೋಗ ಇದು.

ಏಪ್ರಿಲ್‌ನಲ್ಲಿ ಭರತದ ಹೊತ್ತಿಗೆ ಒಂದು ಲೀಟರ್ ಕಡಲ ನೀರು ತಂದು ದಪ್ಪ ಬಟ್ಟೆಯಲ್ಲಿ ಸೋಸಿ ಹರಿವಾಣಕ್ಕೆ ಹಾಕಿ. ತೆಳುವಾದ ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಅವಸರಕ್ಕೆ ಒಲೆಯ ಮೇಲೆ ಕುದಿಸಬಹುದು. ಆದರೆ ಒಳ್ಳೆಯ ಹರಳು ಬೇಕಾದರೆ ಬಿಸಿಲೇ ಸರಿ. ಪ್ರತಿದಿನ ಉಳಿದ ನೀರಿನ ತೂಕ ಬರೆದುಕೊಳ್ಳಲಿ. ಅರ್ಧಕ್ಕಿಳಿದರೂ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ, ಮಕ್ಕಳಿಗೆ ಬೇಸರ ಬರುತ್ತದೆ. ಸುಮಾರು ಐದನೇ ಒಂದು ಪಾಲು ಉಳಿದಾಗ ತಳದಲ್ಲಿ ಬಿಳಿ ಪುಡಿಯಂಥ ಪದರ ಕಾಣುತ್ತದೆ. ಅದು ಉಪ್ಪಲ್ಲ, ಜಿಪ್ಸಂ. ಅಡುಗೆ ಉಪ್ಪಿನ ಹರಳು ಮೂಡುವುದು ನೀರು ಹತ್ತನೇ ಒಂದು ಪಾಲಿಗೆ, ಎಂದರೆ 100 ಮಿ.ಲೀ. ಆಸುಪಾಸಿಗೆ ಇಳಿದ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ ಚೌಕ ಚೌಕ. ಕೊನೆಗೆ ಏನು ಮಾಡಿದರೂ ಆರದ ಸ್ವಲ್ಪ ಕಹಿ ನೀರು ಉಳಿಯುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಮೆಗ್ನೀಸಿಯಂ ಲವಣಗಳು. ಅದನ್ನು ಬಸಿಯದೆ ಪೂರ್ತಿ ಒಣಗಿಸಿದರೆ ಉಪ್ಪು ಕಹಿಯಾಗುತ್ತದೆ, ಗಾಳಿಯ ತೇವ ಎಳೆದು ಒದ್ದೆಯಾಗುತ್ತದೆ. ಒಟ್ಟು 35 ಗ್ರಾಂ ಲವಣದಲ್ಲಿ ನಮ್ಮ ಅಡುಗೆ ಉಪ್ಪು 27 ಗ್ರಾಂ ಮಾತ್ರ. ಹೀಗೆ ತೆಗೆದ ಉಪ್ಪನ್ನು ಪ್ರಯೋಗಕ್ಕೆ ಇಟ್ಟುಕೊಳ್ಳಿ, ಊಟಕ್ಕೆ ಬೇಡ.

ಆಗರದಲ್ಲಿ ಒಂದೇ ಮಡಿಯಲ್ಲಿ ಉಪ್ಪು ತೆಗೆಯುವುದಿಲ್ಲವಲ್ಲ, ನೀರನ್ನು ಮಡಿಯಿಂದ ಮಡಿಗೆ ಹರಿಸುತ್ತಾರಲ್ಲ, ಏಕೆ ಎಂಬುದಕ್ಕೆ ಹರಿವಾಣ ಉತ್ತರ ಕೊಟ್ಟಿತು. ಬೇಡದ ಲವಣಗಳು ಬೇರೆ ಬೇರೆ ಸಾರತೆಯಲ್ಲಿ ಬೀಳುತ್ತವೆ. ಉಪ್ಪಿನ ಉದ್ಯಮದಲ್ಲಿ ಬಳಸುವ ಬೋಮೆ ಮಾಪಕದಲ್ಲಿ ಕಡಲ ನೀರು ಮೂರೂವರೆ ಡಿಗ್ರಿಯ ಹತ್ತಿರ. ಉಪ್ಪು ಹರಳುಗಟ್ಟುವುದು 25ರ ಹತ್ತಿರ.

ಮಾಪಕ ಇಲ್ಲದವರಿಗೆ ಕೋಳಿಮೊಟ್ಟೆ ಇದೆ. ಹೊಸ ಮೊಟ್ಟೆ ಸಿಹಿನೀರಿನಲ್ಲಿ ಮುಳುಗುತ್ತದೆ, ಕಡಲ ನೀರಿನಲ್ಲೂ ಮುಳುಗುತ್ತದೆ. ಲೀಟರ್ ನೀರಿಗೆ 120ರಿಂದ 130 ಗ್ರಾಂ ಉಪ್ಪು ಹಾಕಿದಾಗ ತೇಲಲು ಶುರು ಮಾಡುತ್ತದೆ. ಕಡಲ ನೀರನ್ನು ಎಷ್ಟಕ್ಕೆ ಇಳಿಸಿದರೆ ಮೊಟ್ಟೆ ತೇಲೀತು ಎಂದು ಮಕ್ಕಳು ಮೊದಲೇ ಲೆಕ್ಕ ಹಾಕಲಿ. ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ಎಂಬ ಉತ್ತರ ಬಂದರೆ ಸರಿ. ಹಳೆಯ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುತ್ತದೆ, ಅದು ಬೇಗ ತೇಲಿ ಲೆಕ್ಕ ತಪ್ಪಿಸುತ್ತದೆ.

ಉಪ್ಪು ಹಾಕುತ್ತಲೇ ಹೋದರೆ ಏನಾಗುತ್ತದೆ? 100 ಮಿ.ಲೀ. ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಂಡು ನಿಲ್ಲುತ್ತದೆ. ಅದು ಪರ್ಯಾಪ್ತ ದ್ರಾವಣ. ಆಗ ಗಾತ್ರ ನೋಡಿ. ನೀರು 100, ಉಪ್ಪು 36, ಒಟ್ಟು 136 ಮಿ.ಲೀ. ಆಗಬಹುದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳೆದರೆ 113ರ ಆಸುಪಾಸು. ತೂಕ ಕೂಡುತ್ತದೆ, ಗಾತ್ರ ಹಾಗೆ ಕೂಡುವುದಿಲ್ಲ. ಅದಕ್ಕಾಗಿಯೇ ‘ಒಂದು ಲೀಟರ್ ನೀರಿಗೆ’ ಎನ್ನುವುದೂ ‘ಒಂದು ಲೀಟರ್ ದ್ರಾವಣಕ್ಕೆ’ ಎನ್ನುವುದೂ ಬೇರೆ ಬೇರೆ ಮಾತು.

ಅಳಿವೆಗೆ ಹೋಗುವ ಮಾಪಕ

ಸ್ಟ್ರಾದ ತುದಿಗೆ ಜೇಡಿಮಣ್ಣು ಮೆತ್ತಿ ತೇಲಿಸಿ ‘ಉಪ್ಪು ಮಾಪಕ’ ಮಾಡುವುದನ್ನು ಅನೇಕ ಪುಸ್ತಕಗಳು ಹೇಳುತ್ತವೆ. ಅಳಿವೆಯ ನೀರಿಗೆ ಅದು ಸಾಲದು. ಸಿಹಿನೀರಿಗಿಂತ ಕಡಲ ನೀರಿನ ಸಾಂದ್ರತೆ ಶೇ 2.5ರಷ್ಟೇ ಹೆಚ್ಚು, 10 ಸೆಂ.ಮೀ. ಮುಳುಗುವ ಸ್ಟ್ರಾ ಎರಡೂವರೆ ಮಿ.ಮೀ. ಮಾತ್ರ ಮೇಲೇಳುತ್ತದೆ. ಅಷ್ಟನ್ನು ಯಾವ ಮಗುವೂ ಓದಲಾರದು.

ಮಾಪಕದ ಹೊಟ್ಟೆ ದೊಡ್ಡದಿರಬೇಕು, ಕುತ್ತಿಗೆ ಸಣ್ಣದಿರಬೇಕು. 10 ಮಿ.ಲೀ.ಯ ಖಾಲಿ ಇಂಜೆಕ್ಷನ್ ಬಾಟಲಿ ಚೆನ್ನಾಗಿ ತೊಳೆದು ಒಣ ಮರಳು ಹಾಕಿ. ಅದರ ರಬ್ಬರ್ ಬಿರಡೆಗೆ ತೂತು ಮಾಡಿ ತೆಳು ಸ್ಟ್ರಾ ಸಿಕ್ಕಿಸಿ, ಸುತ್ತ ಮೇಣದ ಬತ್ತಿ ಕರಗಿಸಿ ಬಿಟ್ಟು ನೀರು ನುಗ್ಗದಂತೆ ಮಾಡಿ. ಸಿಹಿನೀರಿನಲ್ಲಿ ಬಿಟ್ಟಾಗ ಸ್ಟ್ರಾದ ಮೇಲ್ತುದಿಯ ಹತ್ತಿರದವರೆಗೆ ಮುಳುಗಿ ನೇರ ನಿಲ್ಲುವಷ್ಟು ಮರಳು ಇರಲಿ. ಇದೇ ಮಾಪಕ ಕಡಲ ನೀರಿನಲ್ಲಿ ಒಂದೂವರೆಯಿಂದ ಎರಡು ಸೆಂ.ಮೀ. ಮೇಲೇಳುತ್ತದೆ. ಸಿಹಿನೀರಿನ ಗೆರೆ, 35 ಗ್ರಾಂ ದ್ರಾವಣದ ಗೆರೆ, ನಡುವೆ ಅರ್ಧದ್ದು, ಕಾಲಿನದ್ದು ಗುರುತು ಹಾಕಿಕೊಳ್ಳಿ. ಇದಕ್ಕೆ ಬೇಕಾದ ದ್ರಾವಣಗಳನ್ನು ಮಕ್ಕಳೇ ತೆಳು ಮಾಡಿ ತಯಾರಿಸಬೇಕು. ನೀರಿನ ಬಿಸಿ ಬದಲಾದರೆ ಗೆರೆಯೂ ಜರುಗುತ್ತದೆ. ತಂದ ಮಾದರಿಗಳನ್ನೆಲ್ಲ ನೆರಳಿನಲ್ಲಿಟ್ಟು ಒಂದೇ ಹದಕ್ಕೆ ಬಂದ ಮೇಲೆ ಅಳೆಯಿರಿ.

ಮಾಪಕ ಸಿದ್ಧವಾದರೆ ನಿಜವಾದ ಪ್ರಶ್ನೆಗಳಿಗೆ ಕೈ ಹಾಕಬಹುದು. ಉಪ್ಪುನೀರು ಭಾರ, ಸಿಹಿನೀರು ಹಗುರ. ಅಳಿವೆಯಲ್ಲಿ ಕಡಲ ನೀರು ತಳದಲ್ಲಿ ಒಳಗೆ ನುಗ್ಗುತ್ತದೆ, ನದಿಯ ನೀರು ಮೇಲೆ ಹೊರಗೆ ಹರಿಯುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕಿಳಿಸಿ ದಾರ ಎಳೆದರೆ ತಳದ ನೀರು ಸಿಗುತ್ತದೆ. ಮೇಲಿನದ್ದಕ್ಕೂ ತಳದ್ದಕ್ಕೂ ಎಷ್ಟು ವ್ಯತ್ಯಾಸ? ಭರತದಲ್ಲಿ ಎಷ್ಟು, ಇಳಿತದಲ್ಲಿ ಎಷ್ಟು? ಇನ್ನೊಂದು, ನನಗೆ ಬಹಳ ಹಿಡಿಸಿದ ಪ್ರಶ್ನೆ: ಕಾಳಿಗೆ ಕದ್ರಾ ಅಣೆಕಟ್ಟಿದೆ, ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ. ಹಾಗಾದರೆ ಮೇ ತಿಂಗಳಲ್ಲಿ ಯಾವ ನದಿಯಲ್ಲಿ ಉಪ್ಪು ಹೆಚ್ಚು ದೂರ ಒಳಕ್ಕೆ ಹೋಗುತ್ತದೆ? ಕಾರವಾರದ ಒಂದು ಶಾಲೆ, ಅಂಕೋಲೆಯ ಒಂದು ಶಾಲೆ ಜೊತೆಗೂಡಿದರೆ ಉತ್ತರ ತಾವೇ ಕಂಡುಕೊಳ್ಳಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲೇ ಇದೆ. ಮಕ್ಕಳ ಮಾಪಕದ ಅಂಕಿಯನ್ನು ಅಲ್ಲಿನವರ ಉಪಕರಣದೊಂದಿಗೆ ಹೋಲಿಸಿ ಕೊಡಿರೆಂದು ಶಿಕ್ಷಕರು ಕೇಳಿನೋಡಲಿ.

ನೀರು ತುಂಬುವುದು ಜೆಟ್ಟಿಯಿಂದ, ದೊಡ್ಡವರ ಜೊತೆಗೆ ಮಾತ್ರ. ಮಳೆಗಾಲದಲ್ಲಿ ಮಕ್ಕಳನ್ನು ಹೊಳೆಯಂಚಿಗೆ ಕರೆದೊಯ್ಯಲೇಬೇಡಿ. ಕದ್ರಾದಿಂದ ನೀರು ಬಿಟ್ಟರೆ ಕಾಳಿ ಏರಲು ಹೊತ್ತು ಬೇಕಿಲ್ಲ.

ಮನೆಯ ಮೂರು ಲೆಕ್ಕ

ಮೊದಲನೆಯದು ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಪೂರ್ತಿ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಮಗು ಅಷ್ಟು ಕುಡಿಯುವುದಿಲ್ಲವೆಂದು ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಸಾರತೆ ಐದು ಪಟ್ಟು. ಅದು ಮಗುವಿಗೆ ಅಪಾಯ. ತೀರಾ ತೆಳುವಾದರೆ ಉಪಯೋಗವಿಲ್ಲ. 200 ಮಿ.ಲೀ.ಗೆಂದೇ ಬರುವ ಚಿಕ್ಕ ಪೊಟ್ಟಣಗಳೂ ಇವೆ, ಮೇಲೆ ಬರೆದದ್ದನ್ನು ಓದಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನೋಬಿಸ್ ಸಾವಿರಾರು ಜನರನ್ನು ಉಳಿಸಿದ್ದು ಸರಿಯಾದ ಪ್ರಮಾಣದ ಉಪ್ಪು, ಸಕ್ಕರೆ, ನೀರಿನಿಂದಲೇ.

ಎರಡನೆಯದು ಬಾವಿಗೆ ಬ್ಲೀಚಿಂಗ್ ಪುಡಿ. ಒಳ್ಳೆಯ ಪುಡಿಯಲ್ಲಿ ಕ್ಲೋರಿನ್ ಶೇ 33ರಷ್ಟು. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಸಾಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಪುಡಿಯನ್ನು ನೇರ ಸುರಿಯದೆ ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಚೆನ್ನಾಗಿ ಕದಡಿ. ಒಂದು ಗಂಟೆಯ ನಂತರ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಣ್ಣದ ಸರಣಿಯ ಐದನೇ ಲೋಟದ ಆಸುಪಾಸಿನ ಸಾರತೆ ಅದು. ಕಣ್ಣಿಗೆ ಕಾಣದಷ್ಟು, ರೋಗಾಣು ಕೊಲ್ಲುವಷ್ಟು. 2019ರಲ್ಲಿ, 2021ರಲ್ಲಿ ಗಂಗಾವಳಿಯ ನೆರೆ ನುಗ್ಗಿದಂಥ ಹೊತ್ತಿನಲ್ಲಿ ಈ ಪ್ರಮಾಣ ಸಾಲದು, ಆಗ ಆರೋಗ್ಯ ಸಿಬ್ಬಂದಿ ಹೇಳಿದಂತೆ ನಡೆಯಬೇಕು.

ಮೂರನೆಯದು ತೋಟದ್ದು. ಕೊಳೆ ರೋಗಕ್ಕೆ ಅಡಿಕೆಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ತೆಳು ಮಾಡಿಯೇ ಬೆರೆಸಬೇಕು. ಗಟ್ಟಿ ದ್ರಾವಣಗಳನ್ನು ಬೆರೆಸಿ ಆಮೇಲೆ ನೀರು ಹಾಕಿದರೆ ಒರಟು ಕಣಗಳಾಗಿ ಗೊನೆಗೆ ಅಂಟುವುದಿಲ್ಲ.

ಶಿಕ್ಷಕರಲ್ಲಿ ಒಂದು ಕೋರಿಕೆ. ಶಾಲೆ ಶುರುವಾದ ಮೊದಲ ವಾರದಲ್ಲೇ, ಮಳೆ ಹಿಡಿಯುವ ಮುನ್ನ, ಹತ್ತಿರದ ಅಳಿವೆಯಿಂದ ಒಂದು ಬಾಟಲಿ ನೀರು ತರಿಸಿ. ದಿನಾಂಕ, ಜಾಗ, ಭರತವೋ ಇಳಿತವೋ ಬರೆದು ಬಿಗಿಯಾಗಿ ಮುಚ್ಚಿಡಿ. ಜುಲೈಯಲ್ಲಿ ನೀವೇ ಹೋಗಿ ಅದೇ ಜಾಗದ ನೀರು ತನ್ನಿ. ಎರಡು ಬಾಟಲಿ ಮೇಜಿನ ಮೇಲಿಟ್ಟು ಮಾಪಕವನ್ನು ಮಕ್ಕಳ ಕೈಗೆ ಕೊಡಿ.